ಮಾವನ ಅಡ್ಡದಾರಿ, ಅತ್ತೆಯ ತಂಬಿಗೆ

ನಮ್ಮ ಸೋದರಮಾವನಿಗೆ ಹೋಗುವುದು ಗೊತ್ತು, ವಾಪಸ್ ಬರುವುದು ಗೊತ್ತಿಲ್ಲ.

ಹೀಗೆಂದ ಕೂಡಲೇ ಪಾಪ, ಮರೆವಿನ ಕಾಯಿಲೆಯೇನೋ ಎಂದು ನೀವು ಕನಿಕರ ಪಡಬೇಡಿ. ಮನುಷ್ಯ ಗುಂಡುಕಲ್ಲಿನ ಹಾಗಿದ್ದಾರೆ. ಯಾರ ಮದುವೆಯಲ್ಲಿ ಎಷ್ಟನೇ ಪಂಕ್ತಿಗೆ ಹೋಳಿಗೆ ಮುಗಿಯಿತು ಎಂಬುದನ್ನು ಇವತ್ತಿಗೂ ಹೇಳಬಲ್ಲರು. ವಿಷಯ ಇಷ್ಟೇ: ಹೋದ ದಾರಿಯಲ್ಲಿ ವಾಪಸ್ ಬರುವುದಿಲ್ಲ ಎಂದು ಅವರು ಶಪಥ ಮಾಡಿದ್ದಾರೆ. ಇಂಥ ಶಪಥವನ್ನು ಯಾರಾದರೂ ಮಾಡುತ್ತಾರೆಯೇ? ನಮ್ಮ ಮಾವ ಮಾಡಿದ್ದಾರೆ!

ಅವರು ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರು, ಕೊಟ್ಟೂರಿನಿಂದ ಕೂಡ್ಲಿಗಿ, ಕೂಡ್ಲಿಗಿಯಿಂದ ತಿರುಗಿ ಕೊಟ್ಟೂರು, ಕೊಟ್ಟೂರಿನಿಂದ ತಿರುಗಿ ಹಗರಿಬೊಮ್ಮನಹಳ್ಳಿ. ನೌಕರಿ ಸೇರಿದ ದಿನದಿಂದ ರಿಟೈರ್ ಆಗುವ ತನಕ ಇದೇ ರಸ್ತೆ, ಇದೇ ತಿರುವು, ಇದೇ ಹುಣಸೆಮರ. ರಿಟೈರ್ ಆದ ದಿನ ಡಿಪೋದಲ್ಲಿ ಶಾಲು ಹೊದಿಸಿ ಹಾರ ಹಾಕಿದರಂತೆ. ಮುಂದಿನ ಗೇಟಿನಿಂದ ಒಳಗೆ ಹೋದವರು ಹಿಂದಿನ ಕಾಂಪೌಂಡ್ ಹಾರಿ ಮನೆಗೆ ಬಂದರು, ಹಾರದ ಸಮೇತ.

"ಸರ್ವಿಸ್ ಪೂರ್ತಿ ಎಷ್ಟು ಹೋಗೀನೋ ಅಷ್ಟೇ ವಾಪಸ್ ಬಂದೀನವಾ," ಎಂದು ನನಗೆ ತಿಳಿಸಿ ಹೇಳಿದರು. "ಇನ್ನ ಮ್ಯಾಲೆ ಬರೇ ಹೋಗೋದು."

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಪಾಡು. ಎದುರುಮನೆಗೆ ಹೆಪ್ಪು ಕೇಳಲು ಹೋದವರು ನಾಲ್ಕು ಓಣಿ ಸುತ್ತಿ ಹಿತ್ತಲ ಬಾಗಿಲಿನಿಂದ ಮನೆಗೆ ಬರುತ್ತಿದ್ದರು. ಅಷ್ಟರಲ್ಲಿ ಹೆಪ್ಪೇ ಅರ್ಧ ಬೆಣ್ಣೆಯಾಗಿರುತ್ತಿತ್ತು. ನಾನು ಕೆಲಸ ಮಾಡುವ ಬ್ಯಾಂಕಿಗೆ ಒಮ್ಮೆ ಬಂದಿದ್ದರು. ಕೆಲಸ ಮುಗಿಸಿಕೊಂಡು ಹಿಂದಿನ ಬಾಗಿಲು ಹುಡುಕುತ್ತಾ ನೆಟ್ಟಗೆ ಲಾಕರ್ ರೂಮಿನ ಕಡೆ ನಡೆದುಬಿಟ್ಟರು. ವಾಚ್‌ಮನ್ ಓಡಿ ಬಂದು ತಡೆದ. "ಇದು ನಮ್ಮ ಮಾವ, ಕಳ್ಳರಲ್ಲ," ಎಂದು ಮ್ಯಾನೇಜರ್ ಮುಂದೆ ನಾನು ಜಾಮೀನು ನಿಲ್ಲಬೇಕಾಯಿತು.

ಹರಪನಹಳ್ಳಿಯ ಮದುವೆಯ ಕಥೆಯಂತೂ ನಮ್ಮ ಬಳಗದಲ್ಲಿ ಎಲ್ಲರಿಗೂ ಬಾಯಿಪಾಠ. ಕಲ್ಯಾಣಮಂಟಪದ ಮುಂಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದ ಮಾವ, ಅಕ್ಷತೆ ಹಾಕಿ, ಉಂಡು, ಅಡುಗೆಮನೆಯ ಮೂಲಕ ಹೊರಗೆ ಹೋಗಲು ಹೊರಟರು. ಅಡುಗೆಯವರು ಇವರನ್ನು ಕೂಲಿಗೆ ಬಂದ ಆಳು ಎಂದುಕೊಂಡು ಕೈಗೆ ಜಾಲರಿ ಕೊಟ್ಟರು. ಮಾವನೂ ಬೇಡ ಎನ್ನಲಿಲ್ಲ. ಒಂದು ಬಾಣಲೆ ಮಿರ್ಚಿ ಕರಿದು, ನಾಲ್ಕು ತಿಂದು, ಬರಿಗಾಲಲ್ಲಿ ಬಸ್ ಸ್ಟ್ಯಾಂಡಿಗೆ ಹೋದರು. ಚಪ್ಪಲಿ ಮುಂಬಾಗಿಲಲ್ಲೇ ಉಳಿಯಿತು. ಆವತ್ತಿನಿಂದ ಎಲ್ಲಿಗೇ ಹೋಗಲಿ, ಬಗಲಲ್ಲಿ ಒಂದು ಬಟ್ಟೆಚೀಲ ಇರುತ್ತದೆ. ಅದರೊಳಗೆ ಚಪ್ಪಲಿ ಹಾಕಿಕೊಂಡೇ ಒಳಗೆ ಹೋಗುತ್ತಾರೆ.

ಇನ್ನು ಅವರ ನಡಿಗೆ! ಬಸ್ಸು ಬಿಟ್ಟರೂ ಡ್ರೈವಿಂಗ್ ಬಿಟ್ಟಿಲ್ಲ. ಓಣಿ ತಿರುಗುವಾಗ ಕೈ ಹೊರಗೆ ಚಾಚುತ್ತಾರೆ. ಮುಂದೆ ಯಾರಾದರೂ ಅಡ್ಡ ಬಂದರೆ ಬಾಯಲ್ಲೇ ಹಾರ್ನ್, ಎರಡು ಗಿಡ್ಡ, ಒಂದು ಉದ್ದ: "ಪೋಂ ಪೋಂ, ಪೋಂssss." ನನ್ನ ಸ್ಕೂಟರಿನ ಹಿಂದೆ ಕೂತರಂತೂ ಅವರ ಬಲಗಾಲು ಸುಮ್ಮನಿರುವುದಿಲ್ಲ. ಅರ್ಧ ಫರ್ಲಾಂಗ್ ದೂರದಲ್ಲಿ ಒಂದು ಕೋಳಿ ಕಂಡರೂ ಸಾಕು, ಇಲ್ಲದ ಬ್ರೇಕನ್ನು ತುಳಿಯುತ್ತಾ "ಕೋಳಿ ಐತಿ, ಕೋಳಿ ಐತಿ" ಎಂದು ನನ್ನ ಹೆಗಲು ಹಿಡಿದು ಅಲ್ಲಾಡಿಸುತ್ತಾರೆ.

ಇಂಥವರ ಕೈಹಿಡಿದವರು ನಮ್ಮ ಅತ್ತೆ. ಮಾತು ಕಡಿಮೆ, ಆಡಿದರೆ ಒಂದೇ ಏಟು. ಮಾವ ಡ್ಯೂಟಿಯಲ್ಲಿದ್ದಾಗ, ಅವರು ಮನೆಯ ಬಾಗಿಲಲ್ಲಿ ನಿಂತು "ಬಂದೆ ನೋಡು" ಎನ್ನುವ ತನಕ ಅತ್ತೆ ಒಂದು ತುತ್ತೂ ಮುಟ್ಟುತ್ತಿರಲಿಲ್ಲ. "ನಿಮ್ಮತ್ತಿಗೆ ನನ್ನ ಮ್ಯಾಲೆ ಪ್ರೀತಿ ಇಲ್ಲವಾ, ರೊಟ್ಟಿ ಎಣಿಸಿ ಕೊಡಾಕ ಕಾಯ್ತಿರ್ತಾಳ," ಎಂದು ಮಾವ ಹಾಸ್ಯ ಮಾಡುತ್ತಿದ್ದರು. ಅತ್ತೆ ನಗುತ್ತಿದ್ದರು.

ಈ ಅತ್ತೆಯದೊಂದು ಹರಕೆ ಇತ್ತು. ಕೂಡ್ಲಿಗಿಯ ರಸ್ತೆಯಿಂದ ಒಳಗೆ ಒಂದು ಗುಡ್ಡ, ಅದರ ನೆತ್ತಿಯ ಮೇಲೆ ಗುಡ್ಡದಯ್ಯನ ಪುಟ್ಟ ಗುಡಿ. ಮದುವೆಯಾದ ಹೊಸದರಲ್ಲಿ ಅತ್ತೆ ಆ ಅಯ್ಯನಿಗೆ ಒಂದು ತಂಬಿಗೆ ಶೇಂಗಾ ಎಣ್ಣೆಯ ಹರಕೆ ಹೊತ್ತಿದ್ದರು. ಬರಿಗಾಲಲ್ಲಿ ಗುಡ್ಡ ಹತ್ತಿ ಅಲ್ಲಿಯ ದೀಪಕ್ಕೆ ಎಣ್ಣೆ ಹಾಕಬೇಕು. ಹಾಕುವ ತನಕ ತಂಬಿಗೆ ನೆಲಕ್ಕೆ ತಾಗುವಂತಿಲ್ಲ, ಹೊತ್ತವರ ಬಾಯಿಗೆ ನೀರು ಸೋಕುವಂತಿಲ್ಲ. ಇನ್ನೂ ಒಂದು ಕಟ್ಟುಪಾಡು ಇದೆ. ಏನು ಬೇಡಿಕೊಂಡೆ ಎಂಬುದನ್ನು ಹರಕೆ ತೀರುವ ಮೊದಲು ಯಾರಿಗೂ ಹೇಳಬಾರದು. ಮೇಲೆ ಪೂಜಾರಿ ಕೇಳಿದಾಗ ಮಾತ್ರ ಬಾಯಿಬಿಡಬೇಕು.

"ಬೇಡಿದ್ದು ಕೈಗೆ ಸಿಕ್ಕೈತಿ. ಈ ಚಳಿಗಾಲದಾಗ ತೀರಿಸಿಬಿಡೋಣು," ಎಂದು ಅತ್ತೆ ಹಟ ಹಿಡಿದರು. ಹಟಕ್ಕೆ ಕಾರಣವಿತ್ತು. ಮರುವಾರವೇ ದಾವಣಗೆರೆಯಲ್ಲಿ ಅವರ ಮೊಣಕಾಲಿನ ಆಪರೇಷನ್. ಅದಾದ ಮೇಲೆ ಗುಡ್ಡದ ಮಾತು ಎತ್ತಬೇಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಗುಡಿಯ ಪೂಜಾರಿ ಮೇಲೆ ಬರುವುದು ಸೋಮವಾರ ಮಾತ್ರ, ಬಿಸಿಲು ನೆತ್ತಿಗೆ ಬಂದ ಕೂಡಲೇ ಬೀಗ ಹಾಕಿ ಇಳಿದುಬಿಡುತ್ತಾರೆ. ಅಂದರೆ ಉಳಿದಿದ್ದು ಒಂದೇ ಸೋಮವಾರ, ಅದರಲ್ಲೂ ಅರ್ಧ!

ಮಾವನಿಗೆ ಗುಡ್ಡಕ್ಕಿಂತ ಗುಟ್ಟಿನದೇ ಚಿಂತೆ. ಬೆಳಗಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೆದಕಿದರು.

"ನನ್ನ ಗೊರಕಿ ನಿಲ್ಲಲಿ ಅಂತ ಬೇಡಿದ್ಯೇನು?"

"ಅದನ್ನ ಬೇಡಿದ್ರ ಈ ಜನ್ಮದಾಗ ಹರಕಿ ತೀರ್ತಿದ್ದಿಲ್ಲ," ಎಂದರು ಅತ್ತೆ.

"ಮತ್ತ, ಬಂಗಾರದ ಬಳಿ?"

"ಅದನ್ನ ದೇವರಿಗೆ ಯಾಕ ಕೇಳಲಿ? ನಿಮಗ ಕೇಳಿದ್ದೆ. ನೀವ ಕಿವಿಗೆ ಹಾಕ್ಕೊಳ್ಳಲಿಲ್ಲ."

ಮಾವ ಕಿಟಕಿಯ ಕಡೆ ಮುಖ ಮಾಡಿ, ಮುಂದಿನ ಡ್ರೈವರ್ ಗೇರ್ ಹಾಕುವ ರೀತಿ ಸರಿಯಿಲ್ಲ ಎಂದು ನನ್ನ ಹತ್ತಿರ ಪಿಸುಗುಟ್ಟತೊಡಗಿದರು.

ಗುಡ್ಡದ ಬುಡಕ್ಕೆ ಬಂದಾಗ ಮಂಜು ಇನ್ನೂ ಜೋಳದ ಹೊಲದ ಮೇಲೇ ಕೂತಿತ್ತು. ಬಾಯಿ ತೆರೆದರೆ ಹೊಗೆ. ಬರಿಗಾಲಿಗೆ ನೆಲದ ಚಳಿ ಚುಳ್ ಎನ್ನುತ್ತಿತ್ತು. ಆದರೆ ನನಗೆಂಥ ಹುರುಪು ಅಂತೀರಿ! ಬ್ಯಾಂಕಿಗೆ ರಜೆ, ಮುಂದೆ ಗುಡ್ಡ, ಪಕ್ಕದಲ್ಲಿ ಇವರಿಬ್ಬರು. ಅಲ್ಲೊಂದು ದೊಡ್ಡ ಬೇವಿನ ಮರವಿದೆ. ಎಲ್ಲರೂ ಅದರಡಿ ಚಪ್ಪಲಿ ಬಿಡುತ್ತಾರೆ. ಮಾವ ಮಾತ್ರ ಚಪ್ಪಲಿ ಕಳಚಿ ಚೀಲಕ್ಕೆ ತುಂಬತೊಡಗಿದರು.

"ಅಯ್ಯನ ಗುಡ್ಡಕ್ಕ ಚಪ್ಪಲಿ ಹೊತ್ಕೊಂಡು ಬರ್ತೀರೇನು? ಬಿಡ್ರಿ ಅಲ್ಲಿ," ಎಂದರು ಅತ್ತೆ.

"ಬಿಟ್ರ ಇಲ್ಲಿಗೇ ಬರಬೇಕಾಗ್ತೈತಲ್ಲ. ನಾವು ಆ ಕಡಿ ಕೊಟ್ಟೂರು ರೋಡಿಗೆ ಇಳಿಯೋರು."

"ಬಿಡ್ರಿ ಅಂದೆ."

ಮಾವ ಬಿಟ್ಟರು. ಒಂದು ಕ್ಷಣ ಯೋಚಿಸಿ, "ಇರ್ಲಿ ಬಿಡು, ಅವು ಇಲ್ಲೇ ಇರ್ಲಿ. ಕೊಟ್ಟೂರಾಗ ಮೂರು ಜೊತಿ ಹೊಸಾವು ತಗೊಂಡ್ರಾತು," ಎಂದರು. ವಾಪಸ್ ಬರುವುದಕ್ಕಿಂತ ಮೂವರ ಚಪ್ಪಲಿ ಹೋದರೂ ಪರವಾಗಿಲ್ಲ! ನನ್ನವು ಮೊನ್ನೆ ತಾನೇ ಕೊಂಡವು, ಯಾರು ಕೇಳುತ್ತಾರೆ?

"ಫಸ್ಟ್ ಗೇರ್‌ನಾಗ ಬರ್ರಿ," ಎಂದು ಮಾವ ಮುಂದೆ ಹೊರಟರು. ಬಂಡೆಗಳ ಮೇಲೆ ಸುಣ್ಣದ ಬಾಣದ ಗುರುತುಗಳಿದ್ದವು. ಅವನ್ನು ಹಿಡಿದು ಹೋದರೆ ಸಣ್ಣ ಮಗುವಿಗೂ ಗುಡಿ ಸಿಗುತ್ತದೆ. ಅತ್ತೆ ಬಟ್ಟೆ ಬಿಗಿದ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಹೆಜ್ಜೆ ಹೆಜ್ಜೆಗೂ "ಅಯ್ಯಾ, ಅಯ್ಯಾ" ಎನ್ನುತ್ತಾ ಏರುತ್ತಿದ್ದರು. ಕಾಲು ನೋಯುತ್ತಿದ್ದರೂ ಮುಖದಲ್ಲಿ ಮದುವಣಗಿತ್ತಿಯ ಕಳೆ. ಅವರು ಸುಧಾರಿಸಿಕೊಳ್ಳಲು ನಿಂತಾಗ ತಂಬಿಗೆ ನನ್ನ ಕೈಗೆ, ನನ್ನ ಕೈ ಸೋತರೆ ಮಾವನ ಕೈಗೆ. ಹೀಗೇ ಹೋಗಿದ್ದರೆ ಹೊತ್ತಿಗೆ ಮುಂಚೆಯೇ ಮುಟ್ಟಿಬಿಡುತ್ತಿದ್ದೆವು. ನನಗೂ ಬರೆಯಲು ಏನೂ ಇರುತ್ತಿರಲಿಲ್ಲ.

ಅರ್ಧ ಗುಡ್ಡದಲ್ಲಿ ಮೇಲಿನಿಂದ ಒಂದು ದೊಡ್ಡ ಗುಂಪು ಇಳಿದು ಬಂತು. ದಾರಿ ಕಿರಿದು. ಮಾವ ಹಾರ್ನ್ ಹೊಡೆದರು. ಯಾರೂ ಸೈಡ್ ಕೊಡಲಿಲ್ಲ. ಒಬ್ಬ ತಿರುಗಿ ಇವರಿಗೇ ಹಾರ್ನ್ ಹೊಡೆದ! ಮಾವನಿಗೆ ಅದನ್ನು ಸಹಿಸಲಾಗಲಿಲ್ಲ. ಎಡಕ್ಕೆ ನೋಡಿದರು. ಪೊದೆಗಳ ನಡುವೆ ನುಣ್ಣಗೆ ಸವೆದ ಒಂದು ಹಾದಿ ಕಾಣಿಸಿತು.

"ಬೈಪಾಸ್ ಐತಿ," ಎಂದರು.

"ಮಾವಾ, ಅಲ್ಲಿ ಬಾಣದ ಗುರುತಿಲ್ಲ," ಎಂದೆ.

"ಗುರುತು ಯಾಕ ಬೇಕವಾ? ದಾರಿ ಅಂದ್ರ ಏನು, ತುಳಿದು ತುಳಿದು ಆಗಿದ್ದು. ಎಷ್ಟು ಸವೆದೈತಿ ನೋಡು. ಸಾವಿರ ಮಂದಿ ಹೋಗ್ಯಾರ."

ನಾನು ಬಗ್ಗಿ ನೋಡಿದೆ. ಹಾದಿಯ ತುಂಬ ಕುರಿಯ ಹಿಕ್ಕೆ.

"ಮಂದಿ ಅಲ್ಲ ಮಾವಾ, ಕುರಿ."

"ಕುರಿ ಏನು ದಾರಿ ತಪ್ತಾವೇನು?"

"ಕುರಿ ಗುಡಿಗೆ ಹೋಗಂಗಿಲ್ಲ ಮಾವಾ, ಸೊಪ್ಪಿಗೆ ಹೋಗ್ತಾವ."

ಅಷ್ಟರಲ್ಲಿ ಅವರು ಕೈ ಹೊರಗೆ ಚಾಚಿ ಎಡಕ್ಕೆ ತಿರುಗಿಯಾಗಿತ್ತು. ಅತ್ತೆ ನಿಟ್ಟುಸಿರು ಬಿಟ್ಟು, "ನಡಿಯವಾ, ಇವ್ರೊಬ್ಬರನ್ನ ಬಿಟ್ರ ಆಂಧ್ರಕ್ಕ ಇಳೀತಾರ," ಎಂದು ಹಿಂದೆ ಹೊರಟರು.

ಮಾವನ ಬೈಪಾಸು ಪ್ರತಿ ಪೊದೆಗೂ ಒಂದು ಸುತ್ತು ಹೊಡೆದು, ಪ್ರತಿ ಬಂಡೆಗೂ ಒಂದು ಸ್ಟಾಪ್ ಕೊಟ್ಟು, ಏರದೆ ಇಳಿಯದೆ ಗುಡ್ಡದ ಸೊಂಟದಲ್ಲೇ ಸುತ್ತತೊಡಗಿತು. ಒಂದು ಕಡೆ ಬಾರಿಹಣ್ಣಿನ ದೊಡ್ಡ ಪೊದೆ ಸಿಕ್ಕಿತು. ಹಣ್ಣು ಕೆಂಪಗೆ ತೊನೆಯುತ್ತಿತ್ತು. ಮಾವ ಎರಡು ಬಾಯಿಗೆ ಹಾಕಿಕೊಂಡರು. ಅತ್ತೆಯ ಒಣಗಿದ ತುಟಿ ಕಣ್ಣಿಗೆ ಬಿದ್ದಿತೇನೋ, ಅಗಿಯುವುದನ್ನು ನಿಲ್ಲಿಸಿ ಉಗುಳಿಬಿಟ್ಟರು. ಆಮೇಲೆ ಮುಳ್ಳು ತರಚಿಸಿಕೊಂಡು ಒಳ್ಳೊಳ್ಳೆ ಹಣ್ಣು ಆರಿಸಿ ಅತ್ತೆಯ ಸೆರಗಿಗೆ ಕಟ್ಟಿದರು. "ಹರಕಿ ತೀರಿದ ಮ್ಯಾಲೆ ತಿನ್ನು," ಎಂದರು.

"ಹೊತ್ತು ಏರಾಕತ್ತೈತಿ ರೀ," ಎಂದರು ಅತ್ತೆ. ನನಗೂ ಭಯವಾಯಿತು. ಪೂಜಾರಿ ಇಳಿದುಬಿಟ್ಟರೆ ಅತ್ತೆಯ ಇಷ್ಟು ವರ್ಷದ ಹರಕೆ ಗುಡ್ಡದ ಅರ್ಧದಲ್ಲೇ ಉಳಿಯುತ್ತದೆ.

ಮುಂದಿನ ತಿರುವಿನಲ್ಲಿ ಒಂದು ಹುತ್ತ ಸಿಕ್ಕಿತು. ಯಾರೋ ಗುದ್ದಲಿ ಹಿಡಿದು ಅಗೆದ ಹಾಗೆ ಅರ್ಧ ಕಿತ್ತುಹೋಗಿತ್ತು, ಮಣ್ಣು ಇನ್ನೂ ಹಸಿ. ನಮ್ಮ ಕೂಡ್ಲಿಗಿ ಸೀಮೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಗೆದ್ದಲಿಗಾಗಿ ಹುತ್ತ ಅಗೆಯುವುದು ಕರಡಿ. ಬಾರಿಹಣ್ಣೂ ಅದಕ್ಕೆ ಪಂಚಪ್ರಾಣ. ಅಂದರೆ ನಾವು ಈವರೆಗೆ ಕರಡಿಯ ಮನೆಯ ಪಡಸಾಲೆಯಲ್ಲಿ ನಿಂತು ಅದರದೇ ಹಣ್ಣು ಕಿತ್ತಿದ್ದೆವು!

"ಮಾವಾ," ಎಂದು ಬೆರಳು ತೋರಿಸಿದೆ. ಮೇಲೆ ಬಂಡೆಯ ಮಗ್ಗುಲಲ್ಲಿ ಕರ್ರಗೆ, ಗುಪ್ಪೆಯಾಗಿ, ನಮ್ಮ ಕಡೆ ಬೆನ್ನು ಮಾಡಿ ಅದು ಕೂತಿತ್ತು. ಬೆನ್ನು ಮೆಲ್ಲಗೆ ಅಲ್ಲಾಡುತ್ತಿತ್ತು.

ಅತ್ತೆ ಓಡಲಿಲ್ಲ. ತಂಬಿಗೆಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು ಕಣ್ಣು ಮುಚ್ಚಿದರು. ತಾವು ಬಿದ್ದರೂ ಎಣ್ಣೆ ಬೀಳಬಾರದಲ್ಲ! ನಾನು ಅತ್ತೆಯ ಹಿಂದೆ ಸೇರಿಕೊಂಡೆ. ಮಾವ ಮಾತ್ರ ಎರಡು ಹೆಜ್ಜೆ ಮುಂದೆ ಹೋಗಿ, ನಮ್ಮಿಬ್ಬರಿಗೂ ಅಡ್ಡ ನಿಂತು, ಎರಡೂ ಕೈ ಸ್ಟೇರಿಂಗ್ ಹಿಡಿದಂತೆ ಚಾಚಿ, ಇದ್ದ ಉಸಿರೆಲ್ಲ ಒಟ್ಟುಗೂಡಿಸಿ ಹಾರ್ನ್ ಹೊಡೆದರು:

"ಪೋಂ ಪೋಂ, ಪೋಂssss!"

ಕರಡಿ ಎದ್ದು ನಿಂತಿತು. ತಲೆಯ ಮೇಲಿನ ಕಂಬಳಿ ಸರಿಸಿತು. ಬಾಯಿಂದ ಬೀಡಿ ತೆಗೆದು ಕೇಳಿತು:

"ಯಾರದು, ಕೂಡ್ಲಿಗಿ ಬಸ್ಸಿನ ಡ್ರೈವರ್ ಏನ್ರೀ? ಗಾಡಿ ಎಲ್ಲಿ ನಿಲ್ಲಿಸೀರಿ?"

ಅದು ಚಳಿಗೆ ಕರಿಕಂಬಳಿ ಹೊದ್ದು ಕೂತಿದ್ದ ಒಬ್ಬ ಕುರಿಗಾಹಿ. ತಮಾಷೆ ಅಲ್ಲಿಗೇ ಮುಗಿಯಲಿಲ್ಲ. ಹಾರ್ನ್ ಕೇಳಿದ ಅವನ ಕುರಿಗಳೆಲ್ಲ ಪೊದೆಗಳಿಂದ ತಲೆ ಎತ್ತಿ, ಎಡಕ್ಕೆ ಸರಿದು, ಸಾಲಾಗಿ ನಿಂತು ನಮಗೆ ಸೈಡ್ ಕೊಟ್ಟವು. ಸುಳ್ಳಲ್ಲ, ಗುಡ್ಡದಯ್ಯನ ಆಣೆ!

"ಈ ಹಾರ್ನು ನಮ್ಮ ಕುರಿಗೆಲ್ಲಾ ಗೊತ್ತೈತ್ರಿ," ಎಂದು ಅವನು ನಕ್ಕ. ಆಮೇಲೆ ಅತ್ತೆಯ ಕಡೆ ತಿರುಗಿ, "ಬ್ಯಾರೆ ಗಾಡಿಯವ್ರು ಹಿಂಡಿನ ನಡುವ ನುಗ್ಗಿಸ್ತಿದ್ರು ಅಕ್ಕಾ. ಇವ್ರು ಇದೇ ಹಾರ್ನ್ ಹೊಡೆದು ಇಂಜಿನ್ ಬಂದ್ ಮಾಡಿ ಕುಂದರ್ತಿದ್ರು. ಕಡೀ ಮರಿ ದಾಟೋ ತನಕ ಗಾಡಿ ಬಿಡ್ತಿದ್ದಿಲ್ಲ. ಒಳಗಿನ ಮಂದಿ ಬೈದಿದ್ದೇ ಬೈದಿದ್ದು," ಎಂದ.

ಅತ್ತೆ ತಂಬಿಗೆಯನ್ನು ತಲೆಯಿಂದ ಇಳಿಸಿ ಎದೆಗೆ ಅವಚಿಕೊಂಡು ಮಾವನನ್ನೇ ನೋಡುತ್ತಾ ನಿಂತರು.

ಗುಡಿ ಎಲ್ಲಿ ಎಂದು ಕೇಳಿದರೆ ಕುರಿಗಾಹಿ ನೆತ್ತಿಯ ಮೇಲೆ ಬೆರಳು ತೋರಿಸಿದ. ಎರಡು ಬಂಡೆಗಳ ನಡುವಿನ ಸಂದಿಯಲ್ಲಿ ನುಸುಳಿದರೆ ನೆಟ್ಟಗೆ ಗುಡಿಯ ಹಿಂದಕ್ಕೇ ಏರಬಹುದಂತೆ. ಮೊದಲು ನಾನು ನುಸುಳಿದೆ. ತಂಬಿಗೆ ಕೈಯಿಂದ ಕೈಗೆ ಬಂದು ನನ್ನನ್ನು ಸೇರಿತು. ಅತ್ತೆ ಅಡ್ಡಡ್ಡ ಸರಿದು ಬಂದರು. ಕೊನೆಗೆ ಮಾವ. ಅರ್ಧಕ್ಕೆ ಬಂದವರು ಹೊಟ್ಟೆ ಸಿಕ್ಕಿ ನಿಂತುಬಿಟ್ಟರು.

"ಒಂದು ಹೆಜ್ಜಿ ಹಿಂದಕ್ಕ ಹೋಗ್ರಿ, ಉಸಿರು ಬಿಟ್ಟು ಮತ್ತ ಬರ್ರಿ," ಎಂದರು ಅತ್ತೆ.

"ಹಿಂದಕ್ಕ ಹೋಗಂಗಿಲ್ಲ," ಎಂದರು ಮಾವ, ಬಂಡೆಗಳ ನಡುವಿನಿಂದ.

ಇಂಥ ಹೊತ್ತಿನಲ್ಲೂ ಶಪಥ! ಮೇಲೆ ಗಂಟೆಯ ಸದ್ದು ಕೇಳಿಸುತ್ತಿದೆ, ಪೂಜೆ ಮುಗಿಯುತ್ತಿದೆ, ಇವರು ಕೆಟ್ಟು ನಿಂತಿದ್ದಾರೆ. ಕೊನೆಗೆ ಕುರಿಗಾಹಿ ಕಂಬಳಿ ತೆಗೆದಿಟ್ಟು, ಹಿಂದಿನಿಂದ ಹೆಗಲು ಕೊಟ್ಟು, "ಹೈಸಾ" ಎಂದು ತಳ್ಳಿದ. ಮಾವನ ಅಂಗಿಯ ಗುಂಡಿಗಳೆಲ್ಲ ಉದುರಿದವು. ಗಾಡಿ ಸ್ಟಾರ್ಟ್ ಆಯಿತು.

ಓಡಿದೆವು. ಹೌದು, ಅತ್ತೆಯೂ ಓಡಿದರು. ನಾವು ಗುಡಿಯ ಮುಂದಕ್ಕೆ ಬಂದಾಗ ಪೂಜಾರಿ ಬಾಗಿಲಿಗೆ ಬೀಗ ಸಿಕ್ಕಿಸುತ್ತಿದ್ದರು.

"ತಡೀರಿ ಅಯ್ನೋರ," ಎಂದು ಮಾವ ಕೂಗಿದರು. ಯಾರನ್ನಾದರೂ ತಡೆಯಲು ಅವರು ಹಾರ್ನ್ ಬಿಟ್ಟು ಮಾತು ಬಳಸಿದ್ದನ್ನು ನಾನು ಆವತ್ತೇ ಮೊದಲು ಕೇಳಿದ್ದು.

ಬಾಗಿಲು ತೆರೆಯಿತು. ಅತ್ತೆ ತಂಬಿಗೆಯ ಬಟ್ಟೆ ಬಿಚ್ಚಿದರು. ಒಂದು ಹನಿಯೂ ಚೆಲ್ಲಿರಲಿಲ್ಲ. ಪೂಜಾರಿ ದೀಪದ ಬತ್ತಿ ಸರಿಮಾಡಿ, "ಏನಂತ ಬೇಡಿದ್ದೆವಾ ತಾಯಿ? ಬಾಯಿಬಿಟ್ಟು ಹೇಳು," ಎಂದರು. ಮಾವ ಕಿವಿ ಹತ್ತಿರ ತಂದರು. ಅವರ ಮುಖದಲ್ಲಿ ಬಂಗಾರದ ಬಳೆಯ ಅನುಮಾನ ಇನ್ನೂ ಇತ್ತು.

ಅತ್ತೆ ದೀಪ ನೋಡುತ್ತಾ ಹೇಳಿದರು: "ಇವ್ರ ಗಾಡಿ ಕೆಳಗ ಯಾರ ಮನಿ ಜೀವಾನೂ ಸಿಗಬಾರದು ಅಂತ ಬೇಡಿದ್ದೆ ರೀ. ಹೋದ ದಾರಿಲೇ ಇವ್ರು ದಿನಾ ವಾಪಸ್ ಮನಿಗೆ ಬರಬೇಕು ಅಂತ. ರಿಟೈರ್ ಆಗೋ ತನಕ ಬಂದ್ರು."

ಎಣ್ಣೆ ದೀಪಕ್ಕೆ ಬಿತ್ತು. ಬತ್ತಿ ಎದ್ದು ಉರಿಯಿತು.

ಮಾವ ಗುಂಡಿಯಿಲ್ಲದ ಅಂಗಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಬಂಡೆಯ ಅಂಚಿಗೆ ಹೋದರು. ಕೆಳಗೆ, ಮಂಜು ಕರಗಿದ ಬಯಲಿನಲ್ಲಿ, ಅವರ ರಸ್ತೆ ಕಾಣುತ್ತಿತ್ತು. ಒಂದು ಬಸ್ಸು ಕೊಟ್ಟೂರಿನ ಕಡೆ ಹೋಗುತ್ತಿತ್ತು. ಅದು ಕಣ್ಣಿಗೆ ಮರೆಯಾಗುವ ತನಕ ನೋಡಿದರು. ಅತ್ತೆ ತೀರ್ಥ ತೆಗೆದುಕೊಂಡರು. ಸೆರಗಿನ ಹಣ್ಣು ತಿನ್ನಿ ಅತ್ತೆ ಎಂದೆ. "ಕೆಳಗ ಇಳಿದ ಮ್ಯಾಲೆ ತಿಂತೀನವಾ," ಎಂದರು.

"ಮಾವಾ, ಕೊಟ್ಟೂರು ಕಡೆ ಇಳಿಯೋ ದಾರಿ ಯಾವುದು?" ಎಂದು ಕೇಳಿದೆ.

"ಚಪ್ಪಲಿ ಆ ಬೇವಿನ ಮರದ ಕೆಳಗ ಅದಾವಲ್ಲ."

"ಹೊಸಾವು ತಗೊಳ್ಳೋಣು ಅಂದಿದ್ರಿ?"

"ಸುಮ್ನ ಬಾರವಾ," ಎಂದು ಅವರು ಅತ್ತೆಯ ಕೈ ಹಿಡಿದು ಸುಣ್ಣದ ಬಾಣಗಳ ದಾರಿಯಲ್ಲಿ ಇಳಿಯತೊಡಗಿದರು. ದಾರಿಯಲ್ಲಿ ಯಾರಿಗೂ ಹಾರ್ನ್ ಹೊಡೆಯಲಿಲ್ಲ. ಬೆಳಿಗ್ಗೆ ಬೈಪಾಸಿಗೆ ತಿರುಗಿದ ಜಾಗ ಬಂತು, ಅದರ ಕಡೆ ನೋಡಲೂ ಇಲ್ಲ. ಅಲ್ಲಿಂದ ಕೆಳಗೆ ಅತ್ತೆಯ ಮೊಣಕಾಲು ನೋಯುವ ಕಡೆ ನಿಂತು, ನೋಯದ ಕಡೆ ನಡೆದು, ಏರಿದ ಹೆಜ್ಜೆಯಲ್ಲೇ ಹೆಜ್ಜೆ ಇಟ್ಟು ಇಳಿದರು. ನಾನು ಖಾಲಿ ತಂಬಿಗೆ ಹಿಡಿದು ಹಿಂದೆ ಬಂದೆ. ನನಗೆ ಯಾಕೋ ಕಣ್ಣು ತುಂಬಿ ದಾರಿ ಸರಿಯಾಗಿ ಕಾಣುತ್ತಿರಲಿಲ್ಲ.

ಬೇವಿನ ಮರದಡಿ ಮೂರು ಜೊತೆ ಚಪ್ಪಲಿ ಹಾಗೇ ಇದ್ದವು. ಮಾವ ಬಗ್ಗಿ, ಅತ್ತೆಯ ಚಪ್ಪಲಿಗಳನ್ನು ತಿರುಗಿಸಿ ಅವರ ಕಾಲಿನ ಮುಂದೆ ಇಟ್ಟರು. ಎದ್ದು ನಿಂತು, ಡ್ಯೂಟಿಯಿಂದ ಬಂದು ಬಾಗಿಲಲ್ಲಿ ಹೇಳುತ್ತಿದ್ದ ಅದೇ ದನಿಯಲ್ಲಿ ಹೇಳಿದರು:

"ಬಂದೆ ನೋಡು."

ಅತ್ತೆ ಸೆರಗಿನ ಗಂಟು ಬಿಚ್ಚಿ, ಒಂದು ಬಾರಿಹಣ್ಣು ಬಾಯಿಗೆ ಹಾಕಿಕೊಂಡರು.